ಕೊಳ್ಳಲು ಮಾತ್ರವಲ್ಲ, ಕಲಿಯಲೂ ಹೋಗೋಣ

ಪರ್ತ್, ಬ್ರಿಸ್ಬೇನ್ ಮತ್ತು ಅಡಿಲೇಡ್ ನಗರಗಳಲ್ಲಿ ನೆಲೆಸಿರುವ ನಮಗೆ ಜಪಾನ್ ಅಪರಿಚಿತ ದೇಶವೇನಲ್ಲ. ಪರ್ತ್ ನಗರವು 1974ರಿಂದ ಕಾಗೋಶಿಮಾದೊಡನೆ, ಅಡಿಲೇಡ್ 1982ರಿಂದ ಹಿಮೇಜಿಯೊಡನೆ, ಬ್ರಿಸ್ಬೇನ್ 1985ರಿಂದ ಕೋಬೆಯೊಡನೆ ಸೋದರಿ ನಗರದ ನಂಟನ್ನು ಉಳಿಸಿಕೊಂಡು ಬಂದಿವೆ. ಶಾಲೆಗೆ ರಜೆ ಬಂದಾಗ ನಮ್ಮಲ್ಲಿ ಕೆಲವು ಕುಟುಂಬಗಳು ಅತ್ತ ಪ್ರವಾಸ ಹೊರಡುವುದೂ ಉಂಟು. ಅಲ್ಲಿ ಒಂದು ಬಗೆಯ ಪ್ರವಾಸವಿದೆ. ಎಂಟು ಹತ್ತು ಮಂದಿಯ ಸಣ್ಣ ತಂಡವೊಂದು ಕೆಲವು ದಿನಗಳ ಕಾಲ ಕುಶಲಕರ್ಮಿಗಳ ಕಾರ್ಯಾಗಾರದಲ್ಲಿ ಕುಳಿತು ಕೈಯಿಂದ ಕಾಗದ ತಯಾರಿಸುವುದನ್ನೋ, ನೀಲಿಯಲ್ಲಿ ಬಟ್ಟೆ ಅದ್ದುವುದನ್ನೋ, ಒಡೆದ ಬಟ್ಟಲನ್ನು ಮರದ ಅಂಟಿನಿಂದಲೂ ಚಿನ್ನದ ಪುಡಿಯಿಂದಲೂ ಬೆಸೆಯುವುದನ್ನೋ ಕಲಿಯುತ್ತದೆ. ಹೋದವರು ಗುರು ಹೇಳಿದ ಶುಲ್ಕವನ್ನು ಚೌಕಾಸಿ ಮಾಡದೆ ತೆರುತ್ತಾರೆ. ಹೇಳಿದ ಕಡೆ ಕುಳಿತು, ಹೇಳಿದಂತೆ ಮಾಡುತ್ತಾರೆ.

ಇದೇ ವಿನಯವನ್ನು ನಾವು ನಮ್ಮ ನಾಡಿನ ಕುಶಲಕರ್ಮಿಗಳ ಮುಂದೆ ಏಕೆ ತೋರಬಾರದು ಎಂಬುದು ಈ ಬರಹದ ಪ್ರಶ್ನೆ. ಊರಿಗೆ ಹೋದಾಗ ನಾವು ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಬಿದರಿಯ ಹೂದಾನಿಗಳನ್ನು ಕೊಳ್ಳುತ್ತೇವೆ. ಕೊಳ್ಳುವುದು ಒಳ್ಳೆಯದೇ. ಆದರೆ ಹತ್ತು ನಿಮಿಷದಲ್ಲಿ ಬೆಲೆ ಇಳಿಸಿ ಕೊಂಡ ವಸ್ತುವಿನಿಂದ ಅದನ್ನು ಮಾಡಿದವರ ಪರಿಚಯ ಆಗುವುದಿಲ್ಲ. ನಮ್ಮ ಸಂಘಗಳು ಒಟ್ಟುಗೂಡಿ ಕರ್ನಾಟಕದ ಒಂದು ಊರಿಗೆ, ಒಂದು ಕಸುಬನ್ನು ಕಲಿಯುವ ಸಲುವಾಗಿಯೇ, ಸಣ್ಣ ತಂಡಗಳನ್ನು ಕರೆದೊಯ್ಯಬೇಕೆಂಬುದು ನನ್ನ ಅಭಿಪ್ರಾಯ.

ಚನ್ನಪಟ್ಟಣದಿಂದಲೇ ಆರಂಭಿಸಬಹುದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಈ ಊರಿನ ಗೊಂಬೆಗಳು ದಸರೆಯಲ್ಲಿ ಇಲ್ಲಿನ ನಮ್ಮ ಮನೆಗಳ ಗೊಂಬೆ ಕೂರಿಸುವ ಮೆಟ್ಟಿಲುಗಳನ್ನೂ ಏರಿವೆ. ಅವುಗಳಿಗೆ ಬಳಸುವುದು ಬಿಳುಪಾದ, ಹಗುರವಾದ ಆಲೆ ಮರ. ಒಣಗಿದ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅನಂತರ ಕೇದಗೆಯ ಗರಿಯಿಂದ ತೀಡಿದಾಗ ಆ ಹೊಳಪು ಬರುತ್ತದೆ. ಕುಂಚದ ಕೆಲಸವೇ ಇಲ್ಲ. ಕಡ್ಡಿಯನ್ನು ಎಷ್ಟು ಒತ್ತಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಕೈಯೇ ಕಲಿಯಬೇಕು. ಕಣ್ಣಿನಿಂದ ನೋಡಿದ ಮಾತ್ರಕ್ಕೆ ಅದು ಬರುವುದಿಲ್ಲ.

ಈ ಕಸುಬಿನ ಚರಿತ್ರೆಯೇ ಕಲಿಕೆಯ ಚರಿತ್ರೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಿಗಳು ಇಲ್ಲಿನವರಿಗೆ ಇದನ್ನು ಕಲಿಸಿದರೆಂಬ ಪ್ರತೀತಿಯಿದೆ. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಅವರು ಜಪಾನಿನ ಗೊಂಬೆ ತಯಾರಿಕೆಯ ತಂತ್ರಗಳನ್ನು ಅಳವಡಿಸಿ ಊರಿನ ಕಸುಬುದಾರರಿಗೆ ಹೇಳಿಕೊಟ್ಟರೆಂದು ಅಲ್ಲಿ ಇಂದಿಗೂ ಸ್ಮರಿಸುತ್ತಾರೆ. ಎಂದರೆ, ಜಪಾನಿನ ಕಲೆಯನ್ನು ಕಲಿಯಬೇಕೆಂಬ ಹಂಬಲ ಕನ್ನಡಿಗರಿಗೆ ಹೊಸದಲ್ಲ. ಅವರು ಕಲಿತದ್ದನ್ನು ಊರಿಗೆ ತಂದು ಹತ್ತು ಜನಕ್ಕೆ ಹಂಚಿದರು ಎಂಬುದನ್ನು ನಾವು ಗಮನಿಸಬೇಕು.

ಉಳಿದ ಕಸುಬುಗಳೂ ಇಂಥವೇ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಹೊಲಿಗೆ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ರಥ, ಆನೆ, ನವಿಲುಗಳೆಲ್ಲ ಮೂಡುತ್ತವೆ. ಬೀದರಿನಲ್ಲಿ ಸತುವು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣಿನ ಗುಣವನ್ನು ನಾಲಗೆಯ ಮೇಲಿಟ್ಟು ಪರೀಕ್ಷಿಸುವ ರೂಢಿಯೂ ಉಂಟು. ಇಂಥ ಅರಿವನ್ನು ಯಾವ ಪುಸ್ತಕವೂ ಕಲಿಸಲಾರದು.

ಜಪಾನ್ ದೇಶವು 1950ರ ಸಾಂಸ್ಕೃತಿಕ ಸಂಪತ್ತಿನ ರಕ್ಷಣಾ ಕಾಯಿದೆಯಡಿ ಕೈಯ ಕೌಶಲವನ್ನೂ ರಾಷ್ಟ್ರದ ಸಂಪತ್ತೆಂದು ಒಪ್ಪಿಕೊಂಡಿತು. ನಮ್ಮಲ್ಲಿ ಈ ಕೆಲಸಕ್ಕೆ ಜೀವ ತೇದವರು ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಚನ್ನಪಟ್ಟಣದ ಗೊಂಬೆ, ಬಿದರಿ ಮತ್ತು ಕಸೂತಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಮಾನ್ಯತೆ ದೊರೆತ ಮಾತ್ರಕ್ಕೆ ಪಕ್ಕದಲ್ಲಿ ಕುಳಿತು ಕಲಿಯುವ ಶಿಷ್ಯರು ಬರುವುದಿಲ್ಲ.

ಕಸುಬುದಾರರ ಮಕ್ಕಳು ಬೇರೆ ಉದ್ಯೋಗ ಅರಸಿ ಹೋಗುತ್ತಿದ್ದಾರೆಂದು ನಾವು ಆಗಾಗ ಮರುಗುತ್ತೇವೆ. ಹಾಗೆ ಮರುಗುವ ಮುನ್ನ ಒಂದು ಕ್ಷಣ ಯೋಚಿಸಬೇಕು. ನಮ್ಮ ಹಿರಿಯರ ಹೊಲ, ಅಂಗಡಿ, ಪೌರೋಹಿತ್ಯ, ಮಗ್ಗಗಳನ್ನು ಬಿಟ್ಟು ಸಮುದ್ರ ದಾಟಿ ಬಂದವರು ನಾವು. ಸಂಸ್ಕೃತಿ ಉಳಿಯಲೆಂದು ಬೇರೊಬ್ಬರ ಮಕ್ಕಳು ಕಡಿಮೆ ಆದಾಯದಲ್ಲಿ ಊರಿನಲ್ಲೇ ಇರಲಿ ಎಂದು ಬಯಸುವ ಅಧಿಕಾರ ನಮಗಿಲ್ಲ. ನಾವು ಮಾಡಬಹುದಾದದ್ದು ಇಷ್ಟೇ: ಆ ಕೈಗಳಿಗೆ ವಸ್ತುವಿನ ಬೆಲೆಯ ಜೊತೆಗೆ ಗುರುವಿನ ಗೌರವವನ್ನೂ ಗುರುವಿನ ಸಂಭಾವನೆಯನ್ನೂ ಸಲ್ಲಿಸುವುದು. ದೂರದೇಶದ ಹತ್ತು ಮಂದಿ ತನ್ನ ತಂದೆಯ ಮುಂದೆ ಐದು ದಿನ ಕುಳಿತು ಕಲಿತದ್ದನ್ನು ಕಂಡ ಮಗಳೋ ಮಗನೋ ಕಸುಬಿನಲ್ಲಿಯೇ ಉಳಿಯುತ್ತಾರೆಂಬ ಭರವಸೆಯಿಲ್ಲ. ಬಿಟ್ಟರೂ ಅದು ನಾಚಿಕೆಪಡಬೇಕಾದ ಕಸುಬಲ್ಲವೆಂದು ತಿಳಿದು ಬಿಡುತ್ತಾರೆ.

ನಮ್ಮ ಮಕ್ಕಳಿಗೆ ದೊರೆಯುವ ಲಾಭವೂ ಸಣ್ಣದಲ್ಲ. ಕನ್ನಡ ತರಗತಿಯಲ್ಲಿ ಅವರು ಪದಗಳನ್ನು ಕಲಿಯುತ್ತಾರೆ, ಆದರೆ ಆ ಪದಗಳಿಂದ ಮಾಡಬೇಕಾದ ಕೆಲಸ ಅಲ್ಲಿರುವುದಿಲ್ಲ. ಕಾರ್ಯಾಗಾರದಲ್ಲಿ ಹಿಡಿ, ಒತ್ತು, ಸಡಿಲಿಸು, ತೀಡು ಎಂಬ ಮಾತು ಅರ್ಥವಾಗದಿದ್ದರೆ ಕೈಯಲ್ಲಿರುವ ಮರವೇ ಕೆಡುತ್ತದೆ. ಬೀದರಿನ ಕುಶಲಕರ್ಮಿಗಳಲ್ಲಿ ಹಲವರ ಮನೆಮಾತು ದಖನಿ ಉರ್ದು. ಕನ್ನಡ ನಾಡಿಗೆ ಹಲವು ಮನೆಮಾತುಗಳಿವೆ ಎಂಬುದನ್ನೂ ಮಕ್ಕಳು ಅಲ್ಲಿ ತಿಳಿಯುತ್ತಾರೆ.

ಐದು ದಿನಗಳಲ್ಲಿ ಯಾರು ಏನು ಕಲಿತಾರು, ಇದು ಉಳ್ಳವರ ಇನ್ನೊಂದು ವಿಹಾರವಲ್ಲವೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಸತ್ಯವಿದೆ. ಐದು ದಿನಗಳಲ್ಲಿ ಕಸುಬು ಕೈವಶವಾಗದು. ಅದು ಎಷ್ಟು ಕಷ್ಟವೆಂಬುದು ಮಾತ್ರ ತಿಳಿದೀತು. ಅಷ್ಟು ತಿಳಿದವರು ಮುಂದೆ ಅಂಗಡಿಯಲ್ಲಿ ಬೆಲೆ ಇಳಿಸುವಂತೆ ಕೇಳಲು ಹಿಂಜರಿಯುತ್ತಾರೆ. ಇನ್ನು ಅದು ವಿಹಾರವಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಅಜ್ಜ ಅಜ್ಜಿಯರೊಡನೆ ಕಳೆಯಬೇಕಾದ ದಿನಗಳು ಕಡಿಮೆಯಾಗುತ್ತವೆ ಎನ್ನುವವರಿಗೆ ನನ್ನ ಉತ್ತರ, ಅವರನ್ನೂ ಕರೆದೊಯ್ಯಿರಿ ಎಂಬುದು. ಕಸೂತಿ ಬಲ್ಲ ಅಜ್ಜಿ ಮನೆಯಲ್ಲೇ ಇದ್ದರೆ ಗುರುವನ್ನು ಹುಡುಕಿ ಹೊರಗೆ ಹೋಗುವ ಅಗತ್ಯವೂ ಇಲ್ಲ.

ಆದ್ದರಿಂದ ಮೂರೂ ನಗರಗಳ ಸಂಘಗಳ ಮುಂದೆ ಈ ಸಲಹೆಗಳನ್ನು ಇಡುತ್ತೇನೆ. ತಂಡದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಮಂದಿ ಇರಬಾರದು. ಒಂದು ಪ್ರವಾಸಕ್ಕೆ ಒಂದೇ ಊರು, ಒಂದೇ ಕಸುಬು. ಶುಲ್ಕವನ್ನು ಕುಶಲಕರ್ಮಿಯೇ ನಿಗದಿಪಡಿಸಬೇಕು. ಕಲಿಸುವ ದಿನಗಳಲ್ಲಿ ನಿಂತುಹೋಗುವ ಅವರ ದುಡಿಮೆಯೂ ಅದರಲ್ಲಿ ಸೇರಿರಬೇಕು. ಅನುಮತಿಯಿಲ್ಲದೆ ಚಿತ್ರ ತೆಗೆಯಬಾರದು. ಡಿಸೆಂಬರ್, ಜನವರಿಯ ದೀರ್ಘ ರಜೆ ಇದಕ್ಕೆ ತಕ್ಕ ಸಮಯ. ಊರಿನಲ್ಲಿ ಆಗ ಹವೆಯೂ ಹಿತವಾಗಿರುತ್ತದೆ. ಮರದ ವಸ್ತುಗಳನ್ನು ತರುವವರು ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ಜೈವಿಕ ಸುರಕ್ಷತೆಯ ತಪಾಸಣೆಗೆ ಅವನ್ನು ತಪ್ಪದೆ ಘೋಷಿಸಬೇಕು. ಹಿಂದಿರುಗಿದ ಮೇಲೆ ಪ್ರತಿಯೊಬ್ಬರೂ ಸಂಘದ ಒಂದು ಸಭೆಯಲ್ಲಿ ತಾವು ಕಲಿತದ್ದನ್ನು, ಅರೆಬರೆಯಾಗಿದ್ದರೂ ಸರಿ, ಉಳಿದವರಿಗೆ ತೋರಿಸಬೇಕು.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಆಸಕ್ತ ಕುಟುಂಬಗಳು ತಮಗೆ ಯಾವ ಕಸುಬಿನಲ್ಲಿ ಒಲವೆಂಬುದನ್ನೂ, ಊರಿನಲ್ಲಿ ಬಲ್ಲವರ ಪರಿಚಯವಿದ್ದರೆ ಅದನ್ನೂ ತಮ್ಮ ಸಂಘದ ಪದಾಧಿಕಾರಿಗಳಿಗೆ ತಿಳಿಸಲಿ. ಒಂದು ತಂಡ ಹೊರಡಲು ಮೂರು ನಗರಗಳಿಂದ ನಾಲ್ಕೈದು ಕುಟುಂಬಗಳು ಮುಂದೆ ಬಂದರೂ ಸಾಕು.