ಪ್ರಯೋಗಶಾಲೆಯಿಂದ ಮೈದಾನಕ್ಕೆ

ನಾಗರಬಾವಿಯ ನಮ್ಮ ಬೀದಿಯ ಹಿರಿಯರೊಬ್ಬರು ಕಳೆದ ತಿಂಗಳು ಮನೆಗೆ ಬಂದವರು, ಕಾಫಿ ಲೋಟವನ್ನು ಕೆಳಗಿಡುವ ಮೊದಲೇ ಮನಸ್ಸಿನ ಭಾರವನ್ನು ಇಳಿಸಿದರು. ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ, ವಿಶ್ವವಿದ್ಯಾಲಯದ ಮಟ್ಟದಲ್ಲಿ ಜಾವೆಲಿನ್ ಎಸೆದವಳು. ಈಗ ಕ್ರೀಡಾ ತರಬೇತುದಾರಳಾಗುವೆನೆಂದು ಹಟ ಹಿಡಿದಿದ್ದಾಳೆ. "ಸ್ವಾಮಿ, ಅಷ್ಟೆಲ್ಲ ಓದಿಸಿದ್ದು ಮೈದಾನದಲ್ಲಿ ಸೀಟಿ ಊದುವುದಕ್ಕೇ?" ಎಂದರು. ಗಂಡಿನ ಕಡೆಯವರಿಗೆ ಏನು ಹೇಳುವುದೆಂಬ ಇನ್ನೊಂದು ಪ್ರಶ್ನೆಯನ್ನು ಅವರು ಆಡಲಿಲ್ಲ, ನಮಗೆ ಕೇಳಿಸಿತು.

ನಾವು ಅವರಿಗೆ ಒಬ್ಬ ಜರ್ಮನ್ ವಿದ್ವಾಂಸರ ವಿಚಾರ ಹೇಳಿದೆವು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ ಅವರ ಗುರುವಾಗಿದ್ದವರು ಡಾ. ಕ್ಲಾಸ್ ಬಾರ್ಟೋನಿಟ್ಜ್. ಅವರ ವಿದ್ಯೆ ಬಯೋಮೆಕ್ಯಾನಿಕ್ಸ್, ಎಂದರೆ ದೇಹದ ಚಲನೆಯನ್ನು ಭೌತಶಾಸ್ತ್ರದ ನಿಯಮಗಳಿಂದ ಅಳೆಯುವ ಶಾಸ್ತ್ರ. ಎಸೆತಗಳ ಕುರಿತು ಸಂಶೋಧನ ಲೇಖನಗಳನ್ನು ಬರೆದವರು. 2019ರಲ್ಲಿ ನೀರಜ್ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೆ, ಶಿಷ್ಯನೊಡನೆ ದಕ್ಷಿಣ ಆಫ್ರಿಕಾದಲ್ಲಿ ಬೀಡುಬಿಟ್ಟರು. ಅಲ್ಲಿಯೇ 2020ರ ಜನವರಿಯಲ್ಲಿ 87.86 ಮೀಟರ್ ಎಸೆದು ನೀರಜ್ ಒಲಿಂಪಿಕ್ ಅರ್ಹತೆ ಪಡೆದದ್ದು. ಊರೂರು ಸುತ್ತುವ ಈ ಬಾಳು 2024ರ ಪ್ಯಾರಿಸ್ ಬೆಳ್ಳಿಯವರೆಗೂ ಸಾಗಿತು.

ಭೌತಶಾಸ್ತ್ರಕ್ಕೂ ಭರ್ಜಿಗೂ ಏನು ನಂಟು ಎಂದು ಹಿರಿಯರು ಕೇಳಿದರು. ಓಡಿಬಂದ ವೇಗವನ್ನು ಮುಂದಿನ ಕಾಲು ನೆಟ್ಟಗೆ ಊರಿ ತಡೆಯಬೇಕು. ಆಗ ಆ ಬಲ ಸೊಂಟ, ಭುಜಗಳ ಮೂಲಕ ತೋಳಿಗೆ ಏರುತ್ತದೆ. ಮಂಡಿ ಮಡಿಚಿದರೆ ಬಲ ಅಲ್ಲಿಯೇ ಸೋರಿಹೋಗುತ್ತದೆ. ಬರಿಗಣ್ಣಿಗೆ ಕಾಣದ ಈ ಕ್ಷಣವನ್ನು ಚಿತ್ರ ತೆಗೆದು ಅಳೆಯುವುದೇ ಸಂಶೋಧಕರ ಕೆಲಸ. ಉಪಕರಣದ ಕಥೆ ಇನ್ನೂ ಸ್ವಾರಸ್ಯ: 1984ರಲ್ಲಿ ಪೂರ್ವ ಜರ್ಮನಿಯ ಊವೆ ಹಾನ್ 104.80 ಮೀಟರ್ ಎಸೆದರು. ಮೈದಾನವೇ ಸಾಲದಾಗುವ ಭಯ, ಜೊತೆಗೆ ಭರ್ಜಿ ಮೂತಿಯೂರದೆ ಅಡ್ಡಡ್ಡ ಬೀಳುವ ತಕರಾರು. ಆದ್ದರಿಂದ 1986ರಲ್ಲಿ ಪುರುಷರ ಜಾವೆಲಿನ್ನಿನ ಗುರುತ್ವಕೇಂದ್ರವನ್ನು ಮುಂದಕ್ಕೆ ಸರಿಸಿದರು. ಅದೇ ಹಾನ್ ಮುಂದೆ ಭಾರತಕ್ಕೆ ಬಂದು ನೀರಜ್‌ಗೆ ಕಲಿಸಿದರು!

ಇದಕ್ಕಾಗಿ ಜರ್ಮನಿಗೇ ಹುಟ್ಟಬೇಕಾಗಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ತರಬೇತುದಾರರನ್ನು ತಯಾರಿಸುತ್ತಿದೆ. ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರವಂತೂ ನಮ್ಮ ನೆರೆಯ ಜ್ಞಾನಭಾರತಿಯಲ್ಲೇ ಇದೆ. ಡಿಪ್ಲೊಮಾ ಪ್ರವೇಶಕ್ಕೆ ಪದವಿಯ ಜೊತೆಗೆ ಕ್ರೀಡಾ ಸಾಧನೆಯನ್ನೂ ನೋಡುತ್ತಾರೆ.

ಆದರೆ ಸಿಹಿಯನ್ನಷ್ಟೇ ಹೇಳುವುದು ನಮ್ಮ ಪದ್ಧತಿಯಲ್ಲ. ತರಬೇತುದಾರರ ಹುದ್ದೆಗಳು ಬಹಳಷ್ಟು ಗುತ್ತಿಗೆಯವು. ಬೆಳಗಿನ ಐದಕ್ಕೆ ಮೈದಾನ, ಹಬ್ಬದ ದಿನ ಪರವೂರಿನ ಕ್ರೀಡಾಕೂಟ. ಆದ್ದರಿಂದ ಸಂಶೋಧನೆಯ ದಾರಿಯನ್ನು ಮುಚ್ಚಿಕೊಳ್ಳದಿರುವುದು ಮೇಲು. ಮೈದಾನ ಕೈಬಿಟ್ಟರೂ ಕ್ರೀಡಾ ವಿಜ್ಞಾನಕ್ಕೆ ಅಧ್ಯಾಪಕರು ಬೇಕೇ ಬೇಕು. ಹೆಣ್ಣುಮಗಳೆಂಬ ಕಾರಣಕ್ಕೆ ಬೇಡವೆನ್ನುವುದನ್ನು ಮಾತ್ರ ನಾವು ಒಪ್ಪಲಾರೆವು. ಕಲಿಯುವ ಹುಡುಗಿಯರಿಗೆ ಕಲಿಸುವ ಹೆಂಗಸರು ಸಾಲದೆಂಬುದೇ ಇಂದಿನ ಕೊರತೆ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, 2025ರ ಜುಲೈ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಹೆಸರಿನ ಸ್ಪರ್ಧೆ ನಡೆದಾಗ ಮಗಳು ಬಾವುಟ ಒಯ್ಯದೆ ನೋಟ್‌ಬುಕ್ ಒಯ್ದಿದ್ದಳೆಂದು ನೆನೆದರು. "ಅದರಲ್ಲಿ ಏನು ಬರೆದಿದ್ದಾಳೆ?" ಎಂದೆವು. "ಕೇಳಲೇ ಇಲ್ಲವಲ್ಲ" ಎನ್ನುತ್ತ ಮೇಲೆದ್ದರು.