ಬೀಗಕ್ಕೆ ಎಷ್ಟು ನಕ್ಷತ್ರ?

ಪುಣೆಯ ಕೋಥರೂಡಿನಲ್ಲಿ ಪೌಡ್ ರಸ್ತೆ ಬಿಟ್ಟು ವೇತಾಳ ಟೇಕಡಿಯ ಕಡೆ ಹತ್ತಿದರೆ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಸಿಗುತ್ತದೆ. ಚಿಕ್ಕದಾಗಿ ಎಆರ್‌ಎಐ. 1966ರಲ್ಲಿ ಶುರುವಾದ ಸಂಸ್ಥೆ. ದೇಶದ ರಸ್ತೆಗಿಳಿಯುವ ವಾಹನಗಳ ಬ್ರೇಕು, ಹೊಗೆ, ದೀಪ, ಸೀಟುಬೆಲ್ಟುಗಳನ್ನು ಅಳೆದು ಪ್ರಮಾಣಪತ್ರ ಕೊಡುವ ಕೆಲಸ ಇದರದು. ವಾಹನಗಳ ಮಾನದಂಡ ರೂಪಿಸುವ ಸಮಿತಿಗೂ ಇದೇ ಸಂಸ್ಥೆ ಸೆಕ್ರೆಟರಿಯೇಟ್.

ಕೆಳಗೆ ಮಯೂರ್ ಕಾಲೊನಿ, ಡಹಾಣೂಕರ್ ಕಾಲೊನಿಗಳ ಕಡೆ ಹಳೆಯ ಬಂಗಲೆಗಳನ್ನೂ ಮೂರಂತಸ್ತಿನ ಸೊಸೈಟಿಗಳನ್ನೂ ಕೆಡವಿ ಎತ್ತರದ ಕಟ್ಟಡಗಳನ್ನು ಎಬ್ಬಿಸಲಾಗುತ್ತಿದೆ. ಇಂಥ ಕಟ್ಟಡದ ಕಂಬಗಳ ನಡುವೆ, ಬಟ್ಟೆಯ ಹೊದಿಕೆಯ ಅಡಿಯಲ್ಲಿ, ಯಾರದೋ ಹತ್ತು ವರ್ಷದ ಕನಸು ನಿಂತಿರುತ್ತದೆ. ಅದು ಗಾಲ್ಫ್ ಜಿಟಿಐ ಇರಬಹುದು, ಆಕ್ಟೇವಿಯಾ ಆರ್‌ಎಸ್ ಇರಬಹುದು. ರಾತ್ರಿ ಅದನ್ನು ಕಾಯಲು ಇರುವುದು ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ರಿಜಿಸ್ಟರು, ಒಂದು ಶಿಳ್ಳೆ, ಹನ್ನೆರಡು ಗಂಟೆಯ ಪಾಳಿಯಲ್ಲಿ ಕಣ್ಣು ಬಿಟ್ಟುಕೊಂಡಿರಬೇಕಾದ ಒಬ್ಬ ವಾಚ್‌ಮನ್.

ಕಾರು ಗೋಡೆಗೆ ಗುದ್ದಿದರೆ ಒಳಗಿದ್ದವರು ಎಷ್ಟು ಸುರಕ್ಷಿತ ಎಂದು ಹೇಳಲು ಈ ದೇಶದಲ್ಲಿ ಈಗ ನಕ್ಷತ್ರಗಳಿವೆ. ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದೇ ಕಾರನ್ನು ಮನೆಯ ಮುಂದಿನಿಂದ ಕಳ್ಳ ಎಷ್ಟು ನಿಮಿಷದಲ್ಲಿ ಹೊಡೆದುಕೊಂಡು ಹೋಗಬಹುದು ಎಂದು ಕೊಳ್ಳುವವನಿಗೆ ಹೇಳುವ ನಕ್ಷತ್ರ ಒಂದೂ ಇಲ್ಲ. ಕಾರು ಕಳುವಾದ ಬೆಳಿಗ್ಗೆ ಸೊಸೈಟಿಯವರು ವಾಚ್‌ಮನ್‌ನನ್ನು ಬೈಯುತ್ತಾರೆ, ನೆಂಟರು ಮಾಲೀಕನನ್ನು ಬೈಯುತ್ತಾರೆ, ವಿಮೆಯವರು ಎರಡೂ ಕೀಲಿ ತನ್ನಿ ಎನ್ನುತ್ತಾರೆ. ಬೀಗ ಮಾಡಿದವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಬೇಕಾದದ್ದು ಮೊದಲು ಅದನ್ನೇ.

ಗೊತ್ತಿದ್ದೂ ಮಾರಿದ ಬೀಗ

ಕೀಲೆಸ್ ಕಾರಿನ ಬೀಗ ಕೆಲಸ ಮಾಡುವ ರೀತಿ ಸರಳ. ಮಾಲೀಕ ಬಾಗಿಲ ಹಿಡಿ ಮುಟ್ಟಿದಾಗ ಕಾರು ಸಣ್ಣ ದನಿಯಲ್ಲಿ ‘ಕೀಲಿ ಇದೆಯಾ’ ಎಂದು ಕೇಳುತ್ತದೆ. ಆ ರೇಡಿಯೋ ದನಿ ಒಂದೆರಡು ಮೀಟರ್ ಆಚೆಗೆ ಕೇಳಿಸದಷ್ಟು ಕ್ಷೀಣ. ಜೇಬಿನಲ್ಲಿರುವ ಕೀಲಿಗೆ ಅದು ಕೇಳಿಸಿದರೆ ‘ಇದ್ದೇನೆ’ ಎಂದು ಉತ್ತರ ಹೋಗುತ್ತದೆ, ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಗುಡುಗುತ್ತದೆ. ಕೀಲಿ ಉತ್ತರಿಸಿದೆ ಎಂದರೆ ಅದು ಹತ್ತಿರದಲ್ಲೇ ಇದೆ ಎಂಬ ನಂಬಿಕೆಯ ಮೇಲೆ ಇಡೀ ಬೀಗ ನಿಂತಿದೆ.

ಆ ನಂಬಿಕೆ ಮುರಿಯಲು ಇಬ್ಬರು ಸಾಕು. ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಬಾಗಿಲ ಬಳಿ. ಕಾರಿನ ದನಿಯನ್ನು ಮೊದಲನೆಯವನ ಪೆಟ್ಟಿಗೆ ಹಿಡಿದು ಎರಡನೆಯವನ ಪೆಟ್ಟಿಗೆಗೆ ದಾಟಿಸುತ್ತದೆ. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಮೊಳೆಗೆ ನೇತುಹಾಕಿದ ಕೀಲಿ ಬಾಗಿಲಾಚೆಯಿಂದಲೇ ಉತ್ತರ ಕೊಡುತ್ತದೆ. ಗಾಜು ಒಡೆಯುವುದಿಲ್ಲ, ಅಲಾರಂ ಕೂಗುವುದಿಲ್ಲ. ಕಾರಿನ ಲೆಕ್ಕದಲ್ಲಿ ಮಾಲೀಕನೇ ಬಂದಿದ್ದಾನೆ.

ಇದು ನಿನ್ನೆ ಮೊನ್ನೆ ಕಂಡುಹಿಡಿದ ತಂತ್ರವಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲೇ ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳನ್ನು ಹೀಗೆ ಪರೀಕ್ಷಿಸಿ, ಹತ್ತೂ ಬಿದ್ದವು ಎಂದು ಪ್ರಕಟಿಸಿದರು. ಆ ಮೇಲೂ ವರ್ಷಗಟ್ಟಲೆ ಅದೇ ಬಗೆಯ ಬೀಗ ‘ಪ್ರೀಮಿಯಂ ಫೀಚರ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಾಡದೆ ಬಿದ್ದಿದ್ದರೆ ನಿದ್ದೆಗೆ ಜಾರುವ ಕೀಲಿ, ದನಿ ಬಂದ ದೂರವನ್ನು ಅಳೆಯುವ ಅಲ್ಟ್ರಾ ವೈಡ್‌ಬ್ಯಾಂಡ್ ಕೀಲಿ, ಇವೆಲ್ಲ ತಡವಾಗಿ ಬಂದವು, ಅದೂ ಎಲ್ಲ ಕಾರಿಗೂ ಅಲ್ಲ.

ತಪ್ಪು ತೋರಿಸಿದವರ ಬಾಯಿ ಮುಚ್ಚಿಸಿದ ಕಥೆಯೂ ಇದೆ. ಆಡಿ, ಪೋರ್ಷೆ, ಬೆಂಟ್ಲಿ, ಲ್ಯಾಂಬೋರ್ಗಿನಿಯಂಥ ಕಾರುಗಳ ಇಮ್ಮೊಬಿಲೈಸರ್‌ನಲ್ಲಿ ಮೆಗಾಮೊಸ್ ಎಂಬ ಚಿಪ್ ಇತ್ತು. ಬರ್ಮಿಂಗ್‌ಹ್ಯಾಮ್ ಮತ್ತು ನೈಮೇಹನ್ ವಿಶ್ವವಿದ್ಯಾಲಯಗಳ ಮೂವರು ಸಂಶೋಧಕರು ಅದರ ದೌರ್ಬಲ್ಯ ಕಂಡುಹಿಡಿದಾಗ, ಫೋಕ್ಸ್‌ವ್ಯಾಗನ್ 2013ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಹೋಗಿ ಪ್ರಬಂಧಕ್ಕೆ ತಡೆ ತಂದಿತು. ಎರಡು ವರ್ಷದ ನಂತರ, ಒಂದು ವಾಕ್ಯ ತೆಗೆದುಹಾಕುವ ಒಪ್ಪಂದದ ಮೇಲೆ ಅದು ಬೆಳಕು ಕಂಡಿತು. ವಿವರ ಕಳ್ಳರ ಕೈಗೆ ಸಿಕ್ಕರೆ ಅಪಾಯ ಎಂಬ ಕಂಪನಿಯ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ಎರಡು ವರ್ಷ ಅದೇ ಚಿಪ್ಪಿನ ಕಾರಿಗೆ ಲಕ್ಷಾಂತರ ಎಣಿಸಿದ ಕೊಳ್ಳುಗನಿಗೆ ಅದರ ಬೀಗದ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಪುಣೆಗೆ ಇನ್ನೂ ಹತ್ತಿರದ ಉದಾಹರಣೆ ರೇಂಜ್ ರೋವರ್. ಟಾಟಾ ಸಮೂಹದ ಜಾಗ್ವಾರ್ ಲ್ಯಾಂಡ್ ರೋವರ್ ಈ ಕಾರನ್ನು ಪುಣೆಯಲ್ಲೇ ಜೋಡಿಸುವುದಾಗಿ 2024ರಲ್ಲಿ ಘೋಷಿಸಿತು. ಅದರ ಹಿಂದಿನ ವರ್ಷ ಬ್ರಿಟನ್ನಿನಲ್ಲಿ ಇದೇ ಕಾರು ಎಷ್ಟು ಕಳುವಾಗುತ್ತಿತ್ತೆಂದರೆ ಲಂಡನ್ನಿನ ಕೆಲವು ಮಾಲೀಕರಿಗೆ ವಿಮೆ ಸಿಗುವುದೇ ಕಷ್ಟವಾಯಿತು. ಕೊನೆಗೆ ಕಂಪನಿಯೇ ವಿಮೆ ಕೊಡಲು ಮುಂದಾಯಿತು, ಹಳೆಯ ಕಾರುಗಳ ಭದ್ರತೆ ಸುಧಾರಿಸಲು ಒಂದು ಕೋಟಿ ಪೌಂಡಿಗೂ ಹೆಚ್ಚು ತೆಗೆದಿಟ್ಟಿತು. ಅಂದರೆ ಸರಿಪಡಿಸಲು ಆಗುತ್ತಿತ್ತು. ವಿಮೆಯವರು ಬೆನ್ನು ತಿರುಗಿಸುವವರೆಗೆ ಸರಿಪಡಿಸಲು ಅವಸರ ಇರಲಿಲ್ಲ, ಅಷ್ಟೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಐನೂರು ರೂಪಾಯಿಯ ಕಾಳಜಿ

ಭಾರತದ ವ್ಯವಸ್ಥೆ ಬೀಗಕ್ಕೆ ಕಟ್ಟಿದ ಬೆಲೆ ನೋಡಬೇಕು. ಎಆರ್‌ಎಐ ಒಪ್ಪಿದ ಕಳ್ಳತನ ನಿರೋಧಕ ಸಾಧನ ಕಾರಿನಲ್ಲಿದ್ದರೆ, ಮೋಟಾರು ವಿಮೆಯ ಸ್ವಂತ ಹಾನಿ ಭಾಗದಲ್ಲಿ ಶೇ. 2.5 ರಿಯಾಯಿತಿ. ಗರಿಷ್ಠ 500 ರೂಪಾಯಿ. 2002ರ ಇಂಡಿಯಾ ಮೋಟರ್ ಟ್ಯಾರಿಫ್‌ನಿಂದ ಬಂದ ಮಿತಿ ಇದು. ಐದು ಲಕ್ಷದ ಕಾರಿಗೂ ಅದೇ, ಐವತ್ತು ಲಕ್ಷದ ಕಾರಿಗೂ ಅದೇ. ಒಂದು ಒಳ್ಳೆಯ ಸ್ಟೀರಿಂಗ್ ಲಾಕ್ ಕೂಡ ಆ ಹಣಕ್ಕೆ ಬರುವುದಿಲ್ಲ. ಬೀಗದ ಗುಣಕ್ಕೆ ಇಷ್ಟೇ ಬೆಲೆ ಎಂದಾದರೆ ಕಂಪನಿ ಅದಕ್ಕೆ ಯಾಕೆ ಖರ್ಚು ಮಾಡಬೇಕು, ಮಾಲೀಕ ಯಾಕೆ ಕೇಳಬೇಕು?

ವಿಮೆ ಇದೆಯಲ್ಲ ಎಂಬ ಸಮಾಧಾನವೂ ಅರ್ಧ ಸತ್ಯ. ಎರಡು ವರ್ಷ ದಾಟಿ ಮೂರರೊಳಗಿನ ಕಾರಿನ ಘೋಷಿತ ಮೌಲ್ಯದಲ್ಲಿ ಶೇ. 30 ಸವಕಳಿ ಕಡಿತವಾಗುತ್ತದೆ. ಐವತ್ತು ಲಕ್ಷದ ಕಾರು ಮೂವತ್ತೈದಕ್ಕೆ ಇಳಿಯುತ್ತದೆ. ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ ಕೊಳ್ಳದಿದ್ದರೆ ಕಟ್ಟಿದ ರಸ್ತೆ ತೆರಿಗೆಯೂ ಹೋದಂತೆಯೇ. ಇನ್ನು 2025ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್ ಇಡೀ ದೇಶಕ್ಕೆ ಬಂದದ್ದು 100 ಮಾತ್ರ. ಚೆಕ್ಕು ಬಂದರೂ ಅದನ್ನು ತೆಗೆದುಕೊಂಡು ಹೋಗಲು ಅಂಗಡಿ ಇಲ್ಲ.

ಕಾನೂನಿನ ಕಣ್ಣೂ ಹಳೆಯ ಕೀಲಿಯ ಮೇಲೇ ಇದೆ. ಕೀಲಿಯನ್ನು ವಾಹನದಲ್ಲೇ ಬಿಟ್ಟು ಇಳಿದಾಗ ಲಾರಿ ಕಳುವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಪರಿಹಾರವನ್ನು ಶೇ. 75ಕ್ಕೆ ಇಳಿಸಿ ಕೊಡಿಸಿತು. ಮಾಲೀಕನ ಕಡೆಯ ಅಜಾಗರೂಕತೆಗೆ ಕಾಲು ಭಾಗದ ದಂಡ ಎನ್ನೋಣ. ಕೀಲಿ ಮೂರನೇ ಮಹಡಿಯ ಬೀರುವಿನಲ್ಲಿದ್ದೂ ‘ಇಲ್ಲೇ ಇದೆ’ ಎಂದು ಮೋಸಹೋಗುವ ಕಾರನ್ನು ಮಾಡಿದವರ ಅಜಾಗರೂಕತೆಗೆ ಎಷ್ಟು ಭಾಗ?

ಸಿರಿವಂತರ ಗೋಳು ಎನ್ನುವವರಿಗೆ

ಐವತ್ತು ಲಕ್ಷದ ಕಾರಿಟ್ಟವನ ಚಿಂತೆ ಊರಿನ ಚಿಂತೆ ಯಾಕಾಗಬೇಕು ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಉತ್ತರ ಅಮೆರಿಕದಲ್ಲಿದೆ. ಹ್ಯುಂಡೈ ಮತ್ತು ಕಿಯಾ ಅಲ್ಲಿ ವರ್ಷಗಟ್ಟಲೆ ಅಗ್ಗದ ಮಾದರಿಗಳಲ್ಲಿ ಇಮ್ಮೊಬಿಲೈಸರ್ ಹಾಕದೆ ಮಾರಿದವು. 2022ರಲ್ಲಿ ಅವನ್ನು ಕದಿಯುವುದು ಹುಡುಗರಿಗೆ ಟಿಕ್‌ಟಾಕ್ ಆಟವಾಯಿತು. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಯ ಪ್ರಕಾರ ಕನಿಷ್ಠ 14 ಅಪಘಾತ, 8 ಸಾವು. 2023ರಲ್ಲಿ ಸುಮಾರು 83 ಲಕ್ಷ ಕಾರುಗಳಿಗೆ ಸಾಫ್ಟ್‌ವೇರ್ ತೇಪೆ ಹಾಕಬೇಕಾಯಿತು. ಗಡಿಯಾಚೆ ಕೆನಡಾದಲ್ಲಿ ಇವೇ ಕಂಪನಿಗಳ ಕಾರುಗಳಲ್ಲಿ ಇಮ್ಮೊಬಿಲೈಸರ್ ಇತ್ತು, ಯಾಕೆಂದರೆ 2007ರಿಂದ ಕಾನೂನು ಕೇಳಿತ್ತು. ಇಂದು ಕೋಥರೂಡಿನ ಜಿಟಿಐಗೆ ಇರುವಂಥ ಕೀಲೆಸ್ ಸೌಲಭ್ಯ ನಾಳೆ ಧಾರವಾಡದ ಮೇಷ್ಟರ ಹತ್ತು ಲಕ್ಷದ ಕಾರಿಗೆ ಬರುತ್ತದೆ, ಆಗಲೇ ಬಂದಿದೆ ಕೂಡ.

ಕದಿಯಲೇಬೇಕೆಂದು ಹೊರಟವನನ್ನು ಯಾವ ಬೀಗ ತಡೆದೀತು ಎನ್ನುವವರು ಇನ್ನೊಂದು ಗುಂಪು. ನೆದರ್‌ಲ್ಯಾಂಡ್ಸ್‌ನಲ್ಲಿ ಇಮ್ಮೊಬಿಲೈಸರ್ ಕಡ್ಡಾಯವಾದ ಮೇಲೆ ಏನಾಯಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಕಳ್ಳರಲ್ಲಿ ಕೆಲವರು ಹಳೆಯ ಕಾರುಗಳತ್ತ ಹೊರಳಿದ್ದನ್ನು ಲೆಕ್ಕಕ್ಕೆ ಹಿಡಿದರೂ, ಒಟ್ಟು ಕಳವು ಸರಾಸರಿ ಶೇ. 40ರಷ್ಟು ಇಳಿದಿತ್ತು. ಯುರೋಪಿನ ಹೊಸ ಸೈಬರ್ ಭದ್ರತಾ ನಿಯಮ 2024ರಲ್ಲಿ ಬಿಗಿಯಾದಾಗ ಪೋರ್ಷೆ ಅಲ್ಲಿ ಪೆಟ್ರೋಲ್ ಮಕಾನ್ ಮತ್ತು 718 ಮಾದರಿಗಳ ಮಾರಾಟವನ್ನೇ ನಿಲ್ಲಿಸಿತು. ನಿಯಮಕ್ಕೆ ಹಲ್ಲಿದ್ದರೆ ಕಂಪನಿ ಕೇಳುತ್ತದೆ.

ಮೂರನೆಯವರು ಕ್ಯಾಮೆರಾ ಭಕ್ತರು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಭದ್ರತೆ ಎಂದರೆ ಇನ್ನೆರಡು ಸಿಸಿಟಿವಿ ಎಂಬ ಠರಾವು. ಕ್ಯಾಮೆರಾ ಸಾಕ್ಷಿ ಹೇಳುತ್ತದೆ, ಗೇಟು ಹಾಕುವುದಿಲ್ಲ. ಕೋಥರೂಡಿನಿಂದ ಚಾಂದಣಿ ಚೌಕ ಕೆಲವೇ ಕಿಲೋಮೀಟರು. ಅಲ್ಲಿಂದ ಮುಂಬಯಿ–ಬೆಂಗಳೂರು ಹೆದ್ದಾರಿ. ಬೆಳಿಗ್ಗೆ ಯಾರೋ ಹೊದಿಕೆ ನೆಲದಲ್ಲಿ ಬಿದ್ದಿದ್ದು ನೋಡಿ ರೆಕಾರ್ಡಿಂಗ್ ಹಿಂದಕ್ಕೆ ತಿರುಗಿಸುವ ಹೊತ್ತಿಗೆ ಕಾರು ಕೊಲ್ಲಾಪುರ ದಾಟಿ ನಿಪ್ಪಾಣಿಯಲ್ಲಿರಬಹುದು. ಇನ್ನು ವಾಚ್‌ಮನ್‌. ಮಾಲೀಕನಂತೆಯೇ ಬಂದು, ಸದ್ದಿಲ್ಲದೆ ಬಾಗಿಲು ತೆರೆದು, ದೀಪ ಹಾಕಿ ಹೊರಡುವವನನ್ನು ತಡೆಯಲು ಅವನಿಗೆ ಯಾವ ಆಧಾರ? ತಡೆದು ನಿಜವಾದ ಮಾಲೀಕನೇ ಆಗಿದ್ದರೆ ಮರುದಿನ ಕೆಲಸ ಇರುತ್ತದೆಯೇ?

ಅಲ್ಲಿಯವರೆಗೆ ಮನೆಯಲ್ಲಿ

ತಪ್ಪು ಕಂಪನಿಯದು ಎಂದಮಾತ್ರಕ್ಕೆ ಮಾಲೀಕ ಕೈಕಟ್ಟಿ ಕೂರುವಂತಿಲ್ಲ. ನಿಯಮ ಬರುವವರೆಗೆ ಕಾರು ನಿಂತಿರಬೇಕಲ್ಲ.

ಮೊದಲ ಕೆಲಸಕ್ಕೆ ದುಡ್ಡು ಬೇಡ. ಹಲವು ಕಾರುಗಳಲ್ಲಿ ಕೀಲೆಸ್ ಪ್ರವೇಶವನ್ನು ಸೆಟ್ಟಿಂಗಿನಲ್ಲೇ ಆರಿಸಬಹುದು. ಡೆಲಿವರಿ ದಿನ ಹಾರ ಹಾಕಿ ಫೋಟೋ ತೆಗೆಯುವ ಶೋರೂಮು ಇದನ್ನು ಹೇಳಿಕೊಡುವುದು ಅಪರೂಪ, ಕೇಳಿ ತಿಳಿಯಬೇಕು. ಎರಡನೆಯದು ಕೀಲಿಯ ಜಾಗ. ಬಾಗಿಲ ಪಕ್ಕದ ಮೊಳೆಯಿಂದ ಒಳಮನೆಗೆ, ಸಿಗ್ನಲ್ ತಡೆಯುವ ಫ್ಯಾರಡೆ ಚೀಲಕ್ಕೆ. ಚೀಲವನ್ನು ನಂಬುವ ಮೊದಲು ಕೀಲಿಯನ್ನು ಅದರಲ್ಲಿಟ್ಟು ಕಾರಿನ ಪಕ್ಕದಲ್ಲೇ ನಿಂತು ಹಿಡಿ ಎಳೆಯಬೇಕು. ತೆರೆದರೆ ಚೀಲ ದಂಡ. ಬೀರುವಿನ ಎರಡನೇ ಕೀಲಿಗೂ ಇದೇ ಶಿಸ್ತು. ಕಾರು ತೊಳೆಯುವವನಿಗೆ ಕೀಲಿ ಕೊಡುವ ರೂಢಿ ನಿಲ್ಲಬೇಕು, ಹೊರಮೈ ತೊಳೆಯಲು ಕೀಲಿ ಬೇಡ.

ಮೂರನೆಯದು ಕಬ್ಬಿಣ. ರಿಲೇ ಒಂದೇ ದಾರಿಯಲ್ಲ. ಡ್ಯಾಶ್‌ಬೋರ್ಡಿನಡಿಯ ಓಬಿಡಿ ಪೋರ್ಟಿಗೆ ಯಂತ್ರ ಸಿಕ್ಕಿಸಿ ಹೊಸ ಕೀಲಿ ಬರೆಸುವವರಿದ್ದಾರೆ. ಹೆಡ್‌ಲೈಟಿನ ತಂತಿಯ ಮೂಲಕ ಕಾರಿನ ಒಳಜಾಲಕ್ಕೆ ಸುಳ್ಳು ಸಂದೇಶ ತುರುಕುವ ವಿಧಾನವೂ 2023ರಲ್ಲಿ ಬಯಲಾಯಿತು. ಇವೆಲ್ಲದರ ಮುಂದೆಯೂ ಸ್ಟೀರಿಂಗಿಗೆ ಅಡ್ಡ ಹಾಕಿದ ದಪ್ಪ ಲಾಕ್ ಕಳ್ಳನ ಹೊತ್ತು ತಿನ್ನುತ್ತದೆ, ಸದ್ದು ಮಾಡಿಸುತ್ತದೆ. ಮನೆಯಲ್ಲಿ ಎರಡು ಕಾರಿದ್ದರೆ ಬೆಲೆಯದು ಒಳಗೆ, ಹಳೆಯದು ಅದಕ್ಕೆ ಅಡ್ಡ. ಸೊಸೈಟಿ ಒಪ್ಪಿದರೆ ಮಡಚುವ ಕಬ್ಬಿಣದ ಕಂಬ. ಸ್ವಂತ ಬ್ಯಾಟರಿಯ ಜಿಪಿಎಸ್ ಟ್ರ್ಯಾಕರ್ ಕಳವನ್ನು ತಡೆಯದು, ಹುಡುಕಲು ನೆರವಾದೀತು. ಗುಪ್ತ ಕಿಲ್ ಸ್ವಿಚ್ ಒಳ್ಳೆಯದೇ, ಆದರೆ ತಂತಿ ಕತ್ತರಿಸುವ ಮೊದಲು ವಾರಂಟಿಯ ಷರತ್ತು ಓದಿ, ವಿಮೆಯವರಿಗೆ ಬರೆದು ತಿಳಿಸಬೇಕು. ನಂಬರ್ ಪ್ಲೇಟು, ಮನೆಯ ಗೇಟು ಎರಡೂ ಕಾಣುವ ರೀಲ್ಸ್ ಹಾಕುವ ಚಟ ಬಿಟ್ಟರೆ ಅದೂ ಒಂದು ಬೀಗ.

ವಿಪರ್ಯಾಸ ಇಲ್ಲೇ ಇದೆ. ಐವತ್ತು ಲಕ್ಷದ ಕಾರನ್ನು ಉಳಿಸಲು ತಾತನ ಕಾಲದ ಸರಳು ಬೇಕು ಎಂದರೆ, ಆ ಐವತ್ತು ಲಕ್ಷದಲ್ಲಿ ಬೀಗಕ್ಕೆಂದು ಕೊಟ್ಟ ಪಾಲು ಎಲ್ಲಿ ಹೋಯಿತು?

ಗುಡ್ಡದಿಂದ ಆಗಬೇಕಾದದ್ದು

ಬೇಡಿಕೆ ದೊಡ್ಡದಲ್ಲ. ಬ್ರಿಟನ್ನಿನಲ್ಲಿ ವಿಮಾ ಕಂಪನಿಗಳ ನೆರವಿನ ಥ್ಯಾಚಮ್ ಸಂಸ್ಥೆ ಕಾರುಗಳ ಕಳ್ಳತನ ನಿರೋಧವನ್ನು ಪರೀಕ್ಷಿಸುತ್ತದೆ, ವಿಮೆಯ ದರ ಅದನ್ನು ನೋಡುತ್ತದೆ. ಇಲ್ಲಿಯೂ ಹೊಸ ಮಾದರಿಯನ್ನು ಗೋಡೆಗೆ ಗುದ್ದಿಸಿ ನೋಡುವಂತೆ ಅದರ ಬೀಗವನ್ನೂ ರಿಲೇ, ಓಬಿಡಿ, ತಂತಿ ಮೂರೂ ದಾರಿಯಲ್ಲಿ ಮುರಿದು ನೋಡಲಿ. ಫಲಿತಾಂಶವನ್ನು ಅಪಘಾತದ ನಕ್ಷತ್ರಗಳ ಪಕ್ಕದಲ್ಲೇ ಅಂಟಿಸಲಿ. 500 ರೂಪಾಯಿಯ ಮಿತಿ ತೆಗೆದು, ಗಟ್ಟಿ ಬೀಗದ ಕಾರಿಗೆ ವಿಮೆಯಲ್ಲಿ ಕಣ್ಣಿಗೆ ಕಾಣುವ ಇಳಿಕೆ ಕೊಡಲಿ. ಕೀಲೆಸ್ ಆರಿಸುವ ಗುಂಡಿ ಪ್ರತಿ ಕಾರಿನಲ್ಲೂ ಇರಲಿ, ಡೆಲಿವರಿ ಕಾಗದದಲ್ಲಿ ಅದನ್ನು ತೋರಿಸಿದ ಬಗ್ಗೆ ಸಹಿ ಬೀಳಲಿ. ಮಾರಿದ ಮೇಲೆ ದೋಷ ಕಂಡರೆ ಬ್ರೇಕಿನ ದೋಷಕ್ಕೆ ವಾಪಸು ಕರೆಯುವಂತೆ ಬೀಗದ ದೋಷಕ್ಕೂ ಕರೆಯಲಿ, ಖರ್ಚು ಕಂಪನಿಯದೇ.

ಕಾರು ಅಳೆಯುವ ವಿದ್ಯೆ ಕೋಥರೂಡಿನ ಗುಡ್ಡದ ಮೇಲೆ ಆಗಲೇ ಇದೆ. ಕೆಳಗಿನ ಕತ್ತಲಲ್ಲಿ ಒಬ್ಬ ವಾಚ್‌ಮನ್ ಶಿಳ್ಳೆ ಹಿಡಿದು ಅದರ ಕೆಲಸವನ್ನೂ ಮಾಡಬೇಕೆಂದು ಬಯಸುವುದು ನ್ಯಾಯವಲ್ಲ.