ಸ್ಪಾಟ್ ಕೇಳ್ಬೇಡಿ, ನಾನು ಹೇಳುವುದಿಲ್ಲ

ಭಾಗ 1/8

"ಸ್ಪಾಟ್ ಪ್ಲೀಸ್ ಬ್ರೋ."
"ಲೊಕೇಶನ್ ಹಾಕು ಮಾರಾಯ, ಇಷ್ಟು ಜಂಬ ಎಂತಕ್ಕೆ?"
"ಬಂಟ್ವಾಳ ಸೈಡ್ ಬಾಸ್ ಎಲ್ಲಿ ಸಿಗ್ತದೆ?"

ಕಳೆದ ಐದಾರು ತಿಂಗಳಿಂದ ನನ್ನ ಇನ್‌ಬಾಕ್ಸಿನಲ್ಲಿ ಇರುವುದು ಇದೇ. ಕ್ಲಾಸಿನವರು, ಜೂನಿಯರ್ಸ್, ಮುಖವೇ ನೋಡದವರು, ಎಲ್ಲರದ್ದೂ ಒಂದೇ ಪ್ರಶ್ನೆ. ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಸಾಕಾಯ್ತು. ಅದಕ್ಕೇ ಇವತ್ತು ಎಂಟು ಪೋಸ್ಟಿನಲ್ಲಿ ಪೂರ್ತಿ ಹೇಳ್ತೇನೆ. ಓದಿದ ಮೇಲೆ ಬೈಯುವುದಾದ್ರೆ ಬೈಯಿರಿ. ಓದದೆ ಬೈಬೇಡಿ.

ಮೊದಲೇ ಹೇಳಿಬಿಡ್ತೇನೆ. ನೇತ್ರಾವತಿ ಆಗಲಿ, ಫಲ್ಗುಣಿ ಆಗಲಿ, ಹೊಳೆಯ ಯಾವ ಜಾಗವನ್ನೂ ನಾನು ಇನ್ನು ಮುಂದೆ ಪಿನ್ ಮಾಡುವುದಿಲ್ಲ. ನೀವೂ ಮಾಡಬಾರದು ಅಂತ ನನ್ನ ವಾದ. ಮೀನಿನ ಜಾಗವನ್ನು ರೀಲ್ಸಿಗೆ ಹಾಕುವುದು ಅಂದ್ರೆ ಆ ಜಾಗವನ್ನು ಮುಗಿಸುವುದು. ಇದು ಥಿಯರಿ ಅಲ್ಲ, ನಾನೇ ಒಂದು ಜಾಗ ಮುಗಿಸಿದ್ದೇನೆ.

ಭಾಗ 2/8

ಕಳೆದ ದೀಪಾವಳಿ ರಜೆ. ಬೆಳ್ತಂಗಡಿ ತಾಲೂಕಿನಲ್ಲಿ ಒಂದು ಕಯ. ಹೊಳೆ ತಿರುಗುವಲ್ಲಿ ಬಂಡೆ, ಬಂಡೆಯ ಹಿಂದೆ ಆಳ ನೀರು, ಮೇಲೆ ಬಾಗಿದ ಅತ್ತಿ ಮರ. ನಮ್ಮ ಮನೆಯ ಹತ್ತಿರದ ಅಜ್ಜ ಒಬ್ಬರು ಅದನ್ನು ನನಗೆ ತೋರಿಸಿದ್ದು, ನಾನು ಹೈಸ್ಕೂಲಲ್ಲಿ ಇರುವಾಗ. ಅವರದ್ದು ಬೀಸುಬಲೆ. ವಾರಕ್ಕೆ ಒಂದು ಸಲ ಬರ್ತಾರೆ, ಮನೆಯ ಸಾರಿಗೆ ಆಗುವಷ್ಟು ಹಿಡೀತಾರೆ, ಸಣ್ಣದನ್ನು ನೀರಿಗೇ ಬಿಡ್ತಾರೆ, ಹೋಗ್ತಾರೆ.

ನಾನು ಅಲ್ಲಿ ಒಂದು ಒಳ್ಳೆಯ ಮೀನು ಹಿಡಿದೆ, ವಿಡಿಯೋ ಮಾಡಿದೆ, ವಾಪಸ್ ಬಿಟ್ಟೆ. ಬಿಟ್ಟದ್ದಕ್ಕೆ ನನಗೇ ನನ್ನ ಮೇಲೆ ಭಾರೀ ಗೌರವ. ರೀಲಿಗೆ ಪಾಟು ಹಾಕಿದೆ, ಲೊಕೇಶನ್ ಹಾಕಿದೆ. ಅದಕ್ಕೆ ಮೊದಲು ಹಾಕಿದ ಎಲ್ಲ ರೀಲ್ ಸೇರಿಸಿದ್ರೂ ಬಾರದಷ್ಟು ವ್ಯೂಸ್ ಆ ಒಂದಕ್ಕೆ ಬಂತು. ಎರಡು ದಿನ ಫೋನ್ ಕೆಳಗಿಡ್ಲಿಲ್ಲ.

ಮೂರು ವಾರ ಕಳೆದು ಹೋಗಿ ನೋಡಿದ್ರೆ ದಡದಲ್ಲಿ ಬಿಯರ್ ಬಾಟ್ಲಿ, ಚಿಪ್ಸ್ ಪ್ಯಾಕೆಟ್, ಸುಟ್ಟ ಕಟ್ಟಿಗೆ. ಅದಾದ್ರೂ ಹೆಕ್ಕಬಹುದು. ನೀರಿನ ಬದಿಯಲ್ಲಿ ಬೆರಳಿನಷ್ಟು ಉದ್ದದ ಮರಿಗಳು ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಒಂದೆರಡಲ್ಲ, ಕಲ್ಲಿನ ಸಂದು ಸಂದಿನಲ್ಲಿ. ರಾತ್ರಿ ಯಾರೋ ಬ್ಯಾಟರಿ, ಇನ್ವರ್ಟರ್ ತಂದು ಕರೆಂಟ್ ಕೊಟ್ಟಿದ್ದಾರಂತೆ. ದೊಡ್ಡದನ್ನು ಗೋಣಿಯಲ್ಲಿ ತುಂಬಿಸಿಕೊಂಡು ಹೋಗಿದ್ದಾರೆ, ಸಣ್ಣದನ್ನು ಬಿಟ್ಟು ಹೋಗಿದ್ದಾರೆ.

ಅಜ್ಜ ಅಲ್ಲೇ ಇದ್ದರು. ಬೈಯಲಿಲ್ಲ. "ನಾನು ಜಾಗ ತೋರಿಸಿದ್ದು ನಿನಗೆ ಮಗಾ, ನೀನು ಊರಿಗೇ ತೋರಿಸಿದೆಯಲ್ಲ" ಅಂದ್ರು, ಅಷ್ಟೇ. ನಾನು ರೀಲ್ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಬೇರೆ ಎರಡು ಪೇಜಿನವರು ಅದನ್ನು ಎತ್ತಿ ಹಾಕಿ ಆಗಿತ್ತು. ಅಜ್ಜ ಈಗ ಆ ಕಡೆ ಹೋಗುವುದೇ ಇಲ್ಲ.

ಭಾಗ 3/8

ಈಗ "ಬಾಸ್" ವಿಷಯ.

ಯೂಟ್ಯೂಬಲ್ಲಿ ಅಮೆರಿಕದವರು ಬೋಟಲ್ಲಿ ನಿಂತು ಹಿಡಿಯುವ ಹಸಿರು ಬಣ್ಣದ ದೊಡ್ಡ ಬಾಯಿಯ ಮೀನು ಉಂಟಲ್ಲ, ಅದು ಲಾರ್ಜ್‌ಮೌತ್ ಬಾಸ್. ಉತ್ತರ ಅಮೆರಿಕದ ಮೀನು. ಬಂಟ್ವಾಳದ ಹೊಳೆಯಲ್ಲಿ ಅದನ್ನು ಹುಡುಕುವುದು, ತೆಂಗಿನ ಮರದಲ್ಲಿ ಸೇಬು ಹುಡುಕಿದ ಹಾಗೆ. ಆನ್‌ಲೈನಲ್ಲಿ ಸಾವಿರಾರು ರೂಪಾಯಿಯ ರಾಡ್ ತರಿಸುವ ಮೊದಲು ನಮ್ಮ ಹೊಳೆಯಲ್ಲಿ ಎಂತ ಉಂಟು ಅಂತ ತಿಳ್ಕೊಳ್ಳಿ.

ನಮಗೆ ಹತ್ತಿರದ್ದು ಸೀ ಬಾಸ್, ಬಾರಮುಂಡಿ ಅಂತಲೂ ಹೇಳ್ತಾರೆ. ಅದು ಮೊಟ್ಟೆ ಇಡುವುದು ಅಳಿವೆಯ ಉಪ್ಪು ನೀರಿನಲ್ಲಿ. ಮರಿಗಳು ಬೆಳೆಯಲು ಹೊಳೆಯಲ್ಲಿ ಮೇಲಕ್ಕೆ, ಸಿಹಿ ನೀರಿಗೆ ಬರ್ತವೆ. ಆದ್ರೆ ನೇತ್ರಾವತಿಯಲ್ಲಿ ಮೇಲೆ ಬರಬೇಕಾದ್ರೆ ತುಂಬೆ ಡ್ಯಾಂ ಅಡ್ಡ, ಅದು ದಾಟಿದ್ರೆ ಶಂಭೂರು ಡ್ಯಾಂ. ಮಂಗಳೂರಿಗೆ ಕುಡಿಯುವ ನೀರು ತುಂಬೆಯಿಂದಲೇ ಹೋಗುವುದು, ಡ್ಯಾಂ ಬೇಡ ಅಂತ ನಾನು ಹೇಳುವುದಿಲ್ಲ. ಮೀನಿನ ದಾರಿ ಮೊದಲೇ ಅರ್ಧ ಮುಚ್ಚಿದೆ, ಅಷ್ಟು ಗೊತ್ತಿರಲಿ.

ಇನ್ನೊಂದು ಸಂಗತಿ. ಸೀ ಬಾಸ್ ಹುಟ್ಟಿ ಬೆಳೆಯುವಾಗ ಗಂಡು. ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗ್ತದೆ. ನೀವು ಎತ್ತಿ ಹಿಡಿದು ಫೋಟೋ ತೆಗೆಯುವ "ಮಾನ್‌ಸ್ಟರ್" ಹೆಚ್ಚುಕಡಿಮೆ ಯಾವಾಗಲೂ ತಾಯಿ ಮೀನು. ದೊಡ್ಡದನ್ನೇ ಹುಡುಕಿ ಹುಡುಕಿ ಕೊಂದ್ರೆ ಮುಂದಿನ ಮರಿ ಎಲ್ಲಿಂದ? ನಾವು ಬಿಕಾಂ ಓದುವವರು. ಬಂಡವಾಳವನ್ನೇ ತಿಂದು ಲಾಭ ಅಂತ ಬರೆದ್ರೆ ಅಕೌಂಟ್ಸ್ ಪೇಪರಲ್ಲಿ ಸೊನ್ನೆ ಸಿಗ್ತದೆ.

ಮೇಲಿನ ಹೊಳೆ, ತೋಡು, ಕೆರೆಯಲ್ಲಿ ಮಡೆಂಜಿ. ಅದರ ಮರಿಗಳು ಕೆಂಪು ಮುದ್ದೆಯ ಹಾಗೆ ಗುಂಪಾಗಿ ನೀರಿನ ಮೇಲೆ ತೇಲ್ತವೆ, ಅಡಿಯಲ್ಲಿ ಅಪ್ಪ ಅಮ್ಮ ಕಾವಲು. "ಆ ಮುದ್ದೆಗೆ ಲ್ಯೂರ್ ಎಸೆದ್ರೆ ಗ್ಯಾರಂಟಿ ಹಿಟ್" ಅಂತ ಟಿಪ್ಸ್ ಕೊಡುವ ವಿಡಿಯೋಗಳಿವೆ. ಹಿಟ್ ಆಗ್ತದೆ, ಹೌದು. ಮರಿಯ ಮೇಲೆ ಬಿದ್ದದ್ದನ್ನು ಓಡಿಸಲು ಅದು ಬಾಯಿ ಹಾಕುವುದು. ಕಾವಲಿನದ್ದನ್ನು ನೀವು ತೆಗೆದ ಮೇಲೆ ಆ ಇಡೀ ಗುಂಪು ಬೇರೆ ಮೀನಿನ ಊಟ. ಇದಕ್ಕೆ ಸ್ಕಿಲ್ ಅಂತ ಹೆಸರು ಬೇರೆ.

ಭಾಗ 4/8

"ಹೊಳೆ ನಿನ್ನ ಅಪ್ಪನದ್ದಾ?" ಇದು ನನಗೆ ಬಂದ ಕಮೆಂಟ್. ಒಳ್ಳೆಯ ಪ್ರಶ್ನೆ, ಸಿಟ್ಟಿಲ್ಲ.

ನನ್ನ ಅಪ್ಪನದ್ದಲ್ಲ. ಎಲ್ಲರದ್ದು. ಎಲ್ಲರದ್ದು ಅಂದ್ರೆ ಯಾರು ಎಷ್ಟು ಬೇಕಾದ್ರೂ ದೋಚಬಹುದು ಅಂತ ಅರ್ಥವಾ? ಎಕನಾಮಿಕ್ಸಲ್ಲಿ ಎಲಿನಾರ್ ಆಸ್ಟ್ರಾಂ ಅಂತ ಒಬ್ಬರಿದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಅವರು 1990ರ ಪುಸ್ತಕದಲ್ಲಿ ಟರ್ಕಿಯ ಅಲಾನ್ಯ ಎಂಬ ಊರಿನ ಮೀನುಗಾರರ ಕಥೆ ಹೇಳ್ತಾರೆ. ಒಳ್ಳೆಯ ಜಾಗಕ್ಕಾಗಿ ಅಲ್ಲಿ ಜಗಳ ಆಗ್ತಿತ್ತು. ಕೊನೆಗೆ ಅವರೇ ಕೂತು ಜಾಗಗಳ ಪಟ್ಟಿ ಮಾಡಿದ್ರು, ಪ್ರತಿ ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿದ್ರು. ಚೀಟಿಯಲ್ಲಿ ಬಂದ ಜಾಗದಿಂದ ದಿನಕ್ಕೊಂದರಂತೆ ಪಕ್ಕದ ಜಾಗಕ್ಕೆ ಸರಿಯುವುದು. ಹೀಗೆ ಎಲ್ಲರಿಗೂ ಒಳ್ಳೆಯ ಜಾಗ ಒಂದು ದಿನ ಸಿಗ್ತದೆ. ಎಲ್ಲರದ್ದಾಗಿ ಉಳಿಯಬೇಕಾದ್ರೆ ನಿಯಮ ಬೇಕು, ಇಷ್ಟೇ ವಿಷಯ.

ಟರ್ಕಿ ದೂರ ಆಯ್ತಾ? ಹಳೆಯಂಗಡಿ ಹತ್ತಿರ ಚೇಳ್ಯಾರು ಖಂಡಿಗೆಗೆ ಹೋಗಿ. ನಂದಿನಿ ಹೊಳೆಯಲ್ಲಿ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮೀನು ಹಿಡಿಯುವ ಜಾತ್ರೆ. ಆ ದಿನ ಊರಿಗೆ ಊರೇ ನೀರಿಗಿಳೀತದೆ. ಉಳಿದ ದಿನ ಅಲ್ಲಿ ಬಲೆ ಹಾಕುವ ಹಾಗಿಲ್ಲ. ಅಲ್ಲಿ ಎಲ್ಲರಿಗೂ ಜಾಗ ಗೊತ್ತು, ಆದ್ರೂ ಮೀನು ಉಳಿದಿದೆ. ಯಾಕೆ? ಜಾಗದ ಜೊತೆ ಕಟ್ಟಳೆಯೂ ಗೊತ್ತು. ರೀಲ್ಸ್ ಜಾಗವನ್ನು ಮಾತ್ರ ತಲುಪಿಸ್ತದೆ. ಕಟ್ಟಳೆ ತಲುಪಿಸುವುದಿಲ್ಲ.

ಭಾಗ 5/8

ನಮ್ಮದೇ ತಾಲೂಕಿನ ಶಿಶಿಲ ಎಲ್ಲರಿಗೂ ಗೊತ್ತು. ಕಪಿಲಾ ನದಿ, ಶಿಶಿಲೇಶ್ವರ ದೇವಸ್ಥಾನ, ಮತ್ಸ್ಯತೀರ್ಥ. ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ನಾವು ಶಾಲೆಯ ಟೂರಲ್ಲಿ ಹೋಗಿ ಅಕ್ಕಿ, ಪುರಿ ಹಾಕಿ ಬಂದವರೇ. ಅಂಥ ಜಾಗದಲ್ಲೂ 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ಮುಂದಿನ ಸಲ ಹೋದಾಗ ಸೆಲ್ಫಿ ಮುಗಿಸಿ ಅದನ್ನೂ ನೋಡಿ ಬನ್ನಿ.

ದೇವರ ಹೆಸರಿನಲ್ಲಿ ಕಾವಲಿದ್ದ ಕಡೆಯೇ ಹೀಗಾದ್ರೆ, ಕಾವಲೇ ಇಲ್ಲದ ಕಯಗಳ ಕಥೆ ಎಂತ? ತೋಟೆ, ಬ್ಲೀಚಿಂಗ್ ಪೌಡರ್, ಅಡಿಕೆಗೆ ಬಿಡಲು ತಂದ ಮೈಲುತುತ್ತು, ಈಗ ಹೊಸತಾಗಿ ಇನ್ವರ್ಟರ್. ಹೊಳೆಗೆ ವಿಷ, ಸ್ಫೋಟಕ ಹಾಕುವುದನ್ನು ಬ್ರಿಟಿಷರು 1897ರಲ್ಲೇ ಕಾನೂನು ಮಾಡಿ ನಿಷೇಧಿಸಿದ್ದರು. ಆ ಕಾಯ್ದೆಯಲ್ಲಿ ಶಿಕ್ಷೆ ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಆವತ್ತಿಗೆ 200 ರೂಪಾಯಿ ದೊಡ್ಡದು. ಇವತ್ತು ಅದು ಒಂದು ಬಿರಿಯಾನಿ. ನಮ್ಮ ರಾಜ್ಯಕ್ಕೆ ಒಳನಾಡು ಮೀನುಗಾರಿಕೆಗೆ ಬೇರೆಯೇ ಕಾಯ್ದೆ ಬಂತು. ಕಾಯ್ದೆ ಎಷ್ಟಿದ್ರೂ ರಾತ್ರಿ ಹನ್ನೊಂದು ಗಂಟೆಗೆ ಕಯದ ಬದಿಯಲ್ಲಿ ನಿಂತು ಕಾಯುವವರು ಯಾರೂ ಇಲ್ಲ. ಇಷ್ಟು ದಿನ ಆ ಕಯಗಳನ್ನು ಕಾದದ್ದು ಒಂದೇ. ಅವು ಎಲ್ಲಿವೆ ಅಂತ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಅದನ್ನು ನಾವು ಪಿನ್ ಹಾಕಿ ತೆಗೆದೆವು.

ಭಾಗ 6/8

"ಮರಳು ಲಾರಿಗೆ ಹೇಳು ಮೊದಲು, ನಮ್ಮ ಒಂದು ಗಾಳದಿಂದ ಎಂತ ಆಗ್ತದೆ?"

ಹೇಳ್ತೇನೆ. ಹೊಳೆಯ ಹೊಟ್ಟೆ ಬಗೆದು ಮರಳು ತೆಗೆಯುವುದು ನಮ್ಮ ಗಾಳಕ್ಕಿಂತ ಎಷ್ಟೋ ದೊಡ್ಡ ಅನ್ಯಾಯ, ಒಪ್ಪಿದೆ. 2019ರ ಆಗಸ್ಟ್ ನೆರೆಯಲ್ಲಿ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ಮಣ್ಣು, ಮರಳು, ಬಂಡೆ ಹೊಳೆಗೆ ಬಂದದ್ದೂ ನೆನಪುಂಟು. ನಾನಾಗ ಹೈಸ್ಕೂಲ್. ಹೊಳೆಗೆ ಕಷ್ಟ ಹತ್ತು ಕಡೆಯಿಂದ. ಆದ್ರೆ ಒಬ್ಬ ಮನೆಗೆ ಬೆಂಕಿ ಹಾಕಿದ ಅಂತ ಇನ್ನೊಬ್ಬ ಹೆಂಚು ಕದಿಯುವುದು ಸರಿಯಾಗುವುದಿಲ್ಲ. ಲಾರಿ ನಿಲ್ಲಿಸಲು ನನಗೆ ಶಕ್ತಿ ಇಲ್ಲ. ನನ್ನ ಫೋನಿನ ಲೊಕೇಶನ್ ಆಫ್ ಮಾಡಲು ಉಂಟು.

"ನಮ್ಮ ಹಿರಿಯರು ಉಬರ್ ಮೀನು ಹಿಡಿಯಲಿಲ್ವಾ? ಅದೂ ಮೊಟ್ಟೆ ತುಂಬಿದ ಮೀನೇ ಅಲ್ವಾ?"

ಹೌದು. ಜೂನಿನ ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಹತ್ತುವಾಗ ಕತ್ತಿ, ದೀಪ ಹಿಡಿದು ಹೋಗುವುದು ನಮ್ಮ ಮನೆಯಲ್ಲೂ ಇತ್ತು. ನಾನೂ ತಿಂದಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದ್ರೆ ಆಗ ಒಂದು ಮನೆಗೆ ಒಂದು ಪಾತ್ರೆ. ಫ್ರೀಜರ್ ಇರಲಿಲ್ಲ, ಹೆಚ್ಚು ಹಿಡಿದ್ರೆ ಕೊಳೆಯುವುದು. ಗದ್ದೆಯೂ ಬೇಕಾದಷ್ಟಿತ್ತು, ತಪ್ಪಿಸಿಕೊಂಡ ಮೀನಿಗೆ ಮೊಟ್ಟೆ ಇಡಲು ಜಾಗ ಇತ್ತು. ಈಗ ಗದ್ದೆಯೆಲ್ಲ ಅಡಿಕೆ ತೋಟ ಆಗಿದೆ. ಮೀನಿಗೆ ಉಳಿದದ್ದು ಒಂದೆರಡು ತೋಡು, ಅದರ ಬಾಯಿಗೇ ಬಲೆ ಕಟ್ಟಿ, ಗೋಣಿ ತುಂಬಿಸಿ, "ಉಬರ್ ಸೀಸನ್ ವೈಬ್ಸ್" ಅಂತ ರೀಲ್. ಇದಕ್ಕೆ ಸಂಪ್ರದಾಯ ಅಂತ ಹೇಳ್ಬೇಡಿ ಮಾರ್ರೆ.

ಭಾಗ 7/8

"ಹಾಗಾದ್ರೆ ಹೊಸಬರು ಕಲಿಯುವುದು ಹೇಗೆ? ಅಜ್ಜ ಇದ್ದವರಿಗೆ ಮಾತ್ರವಾ ಹೊಳೆ?"

ಈ ಒಂದು ಪ್ರಶ್ನೆಗೆ ನನಗೆ ನಿಜವಾಗಿ ಉತ್ತರಿಸಲು ಕಷ್ಟವಾಯ್ತು. ಜಾಗ ಮುಚ್ಚಿಟ್ರೆ ಅದು ಗೊತ್ತಿದ್ದವರ ಸೊತ್ತಾಗ್ತದೆ, ಸರಿ. ಅದಕ್ಕೆ ನಾನು ಪಿನ್ ಕೊಡುವುದಿಲ್ಲ, ಹುಡುಕುವ ಕ್ರಮ ಕೊಡ್ತೇನೆ. ಸೇವ್ ಮಾಡಿಟ್ಕೊಳ್ಳಿ.

➤ ಬೇಸಗೆಯಲ್ಲಿ, ನೀರು ಕಡಿಮೆ ಇರುವಾಗ ಬರಿಗೈಯಲ್ಲಿ ಒಂದು ಸಲ ಹೊಳೆ ಬದಿ ನಡೆಯಿರಿ. ಕಯ ಎಲ್ಲಿ, ಬಂಡೆ ಎಲ್ಲಿ, ಮರಳು ಎಲ್ಲಿ ಅಂತ ಆಗ ಕಾಣ್ತದೆ.
➤ ಜೋರು ನೀರು ನಿಧಾನ ನೀರಿಗೆ ಸೇರುವ ಗೆರೆ ನೋಡಿ. ಮೀನು ನಿಲ್ಲುವುದು ನಿಧಾನದಲ್ಲಿ, ತಿನ್ನುವುದು ಜೋರಿನಲ್ಲಿ ಬಂದದ್ದನ್ನು.
➤ ತೋಡು ಬಂದು ಹೊಳೆ ಸೇರುವ ಜಾಗ, ಹಣ್ಣು ಉದುರುವ ಮರದ ಅಡಿ, ಬಂಡೆಯ ಹಿಂದಿನ ಸುಳಿ.
➤ ಬೆಳಗ್ಗೆ ಬೆಳಕು ಹರಿಯುವಾಗ, ಸಂಜೆ ಕತ್ತಲಾಗುವ ಮೊದಲು. ಮಧ್ಯಾಹ್ನ ಬಿಸಿಲಿಗೆ ಹೋಗಿ "ಮೀನೇ ಇಲ್ಲ" ಅನ್ಬೇಡಿ.
➤ ತುಂಬೆಯಿಂದ ಕೆಳಗೆ, ಉಪ್ಪು ನೀರು ಬರುವ ಕಡೆ ಉಬ್ಬರ ಇಳಿತದ ಲೆಕ್ಕ ಬೇಕು. ನೀರು ಇಳಿಯುವಾಗ ಸಣ್ಣ ತೋಡಿನ ಬಾಯಲ್ಲಿ ಸೀ ಬಾಸ್ ಕಾಯ್ತದೆ, ಒಳಗಿಂದ ಸಿಗಡಿ ಹೊರಗೆ ಬರ್ತದಲ್ಲ.
➤ ಮಿಂಚುಳ್ಳಿ, ನೀರುಕಾಗೆ, ನೀರುನಾಯಿ ಕಂಡ್ರೆ ಅಲ್ಲಿ ಮೀನುಂಟು. ಅವು ನಮಗಿಂತ ಸೀನಿಯರ್ಸ್.
➤ ಡ್ಯಾಂ ಬುಡದಲ್ಲಿ ಮೀನು ಗುಂಪಾಗಿರ್ತದೆ. ಅಲ್ಲಿ ಹಿಡಿಯಬೇಡಿ. ಅವು ದಾರಿ ಸಿಗದೆ ನಿಂತವು. ಗೇಟ್ ಯಾವಾಗ ತೆಗೀತಾರೆ ಅಂತ ನಿಮಗೂ ಗೊತ್ತಿರುವುದಿಲ್ಲ.
➤ ಘಾಟಿಯಲ್ಲಿ ಮಳೆ ಬಂದ್ರೆ ಇಲ್ಲಿ ಬಿಸಿಲಿದ್ರೂ ನೀರು ಏರ್ತದೆ. ನೀರಿನ ಬಣ್ಣ ಬದಲಾಯ್ತಾ, ಕಸಕಡ್ಡಿ ತೇಲಿ ಬಂತಾ, ಗಾಳ ಬಿಟ್ಟಾದ್ರೂ ಮೇಲೆ ಬನ್ನಿ. ಈಜು ಗೊತ್ತಿದ್ರೂ.

ಹೀಗೆ ನಾಲ್ಕು ವಾರ ನಡೆದವನಿಗೆ ತನ್ನದೇ ಜಾಗ ಸಿಗ್ತದೆ. ನಡೆದು ಹುಡುಕಿದವನು ಆ ಜಾಗಕ್ಕೆ ಬಾಟ್ಲಿ ಬಿಸಾಡಲಾರ ಅಂತ ನನ್ನ ನಂಬಿಕೆ. ಪಿನ್ ನೋಡಿ ಬೈಕಲ್ಲಿ ಬಂದವನಿಗೆ ಅದು ಒಂದು ಭಾನುವಾರ ಮಾತ್ರ.

ಭಾಗ 8/8

ಕೊನೆಯದಾಗಿ, ನಾನು ಕೇಳುವುದು ಇಷ್ಟು.

ಒಂದು, ಹೊಳೆಯ ಫೋಟೋಗೆ ಲೊಕೇಶನ್ ಬೇಡ. ಹಿಂದೆ ಹಾಕಿದ್ರೆ ಇವತ್ತೇ ತೆಗೆಯಿರಿ. ಹಿನ್ನೆಲೆಯಲ್ಲಿ ಸೇತುವೆ, ದೇವಸ್ಥಾನ, ಬೋರ್ಡ್ ಕಂಡ್ರೂ ಅದು ಲೊಕೇಶನ್ನೇ.

ಎರಡು, ತಿನ್ನುವಷ್ಟು ಮಾತ್ರ. ಮಳೆ ಶುರುವಾಗುವ ಹೊತ್ತಿನಲ್ಲಿ ಮೊಟ್ಟೆಯ ಮೀನು, ಮರಿ ಕಾಯುವ ಮಡೆಂಜಿ, ಎಲ್ಲಕ್ಕಿಂತ ದೊಡ್ಡ ಸೀ ಬಾಸ್ ವಾಪಸ್ ನೀರಿಗೆ.

ಮೂರು, ಕರೆಂಟ್, ತೋಟೆ, ವಿಷ ಕಂಡ್ರೆ ವಿಡಿಯೋ ಮಾಡಿ ಸ್ಟೋರಿಗೆ ಹಾಕುವುದಲ್ಲ, 112ಕ್ಕೆ ಫೋನ್ ಮಾಡಿ. ಒಬ್ಬರೇ ಹೋಗಿ ಜಗಳ ಮಾಡ್ಬೇಡಿ.

ನಾನು ದೊಡ್ಡ ಸಾಚಾ ಅಲ್ಲ. ಒಂದು ಕಯ ಹಾಳಾಗಲು ನಾನು ಕಾರಣ, ಅದು ತಿರುಗಿ ತುಂಬಲು ಎಷ್ಟು ಮಳೆಗಾಲ ಬೇಕೋ. ಅಜ್ಜನ ಹತ್ತಿರ ತಪ್ಪಾಯ್ತು ಅಂತ ಹೇಳಿದ್ದೇನೆ. ಅವರು "ಇನ್ನೊಬ್ಬರಿಗೆ ಹೇಳು" ಅಂದ್ರು. ಹೇಳಿದ್ದೇನೆ.

ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಸೈಡಿನವರು ಯಾರಿಗಾದ್ರೂ ಕಲಿಯಲು ಮನಸ್ಸಿದ್ರೆ ಮೆಸೇಜ್ ಮಾಡಿ. ಎಕ್ಸಾಮ್ ಮುಗಿದ ಮೇಲೆ ಭಾನುವಾರ ಬೆಳಗ್ಗೆ ಒಟ್ಟಿಗೆ ಹೊಳೆ ಬದಿ ನಡೆಯುವ. ಮೂರು ನಾಲ್ಕು ಜನ ಸಾಕು. ಗಾಳ ಇದ್ರೆ ತನ್ನಿ, ಇಲ್ಲದಿದ್ರೂ ಆಗ್ತದೆ. ಫೋನ್ ಬ್ಯಾಗಲ್ಲಿ ಇರ್ಲಿ.

ಇನ್ನೂ "ಸ್ಪಾಟ್ ಪ್ಲೀಸ್" ಅಂತ ಕಮೆಂಟ್ ಹಾಕುವವರು ಮೇಲೆ ಹೋಗಿ ಭಾಗ ಒಂದರಿಂದ ಓದಿ.

#ನೇತ್ರಾವತಿ #ಫಲ್ಗುಣಿ #ಬೆಳ್ತಂಗಡಿ #ಬಂಟ್ವಾಳ #ಮೂಡುಬಿದಿರೆ #ಪಿನ್‌ಬೇಡ